ಎಂಜೈಮ್ ಹಾಕಿ ಒತ್ತಿದ್ರ ಕಬ್ಬಿನ ಸಿಪ್ಪಿ ಬೋರ್ಡ್ ಆಗತೈತೇನ್ರಿ?

ಪ್ರಶ್ನೆ: ಸರ್ ನಮಸ್ಕಾರ. ನಮ್ದು ಮಹಾಲಿಂಗಪುರ ಹತ್ರ ಫರ್ನಿಚರ್ ವರ್ಕ್‌ಶಾಪ್ ಐತ್ರಿ, ಅಜ್ಜನ ಕಾಲದಿಂದ ಬಡಿಗತನ. ಮೊದಲ ಸಾಗವಾನಿ, ಬೇವು, ಜಾಲಿ ಕೆಲಸ ಇತ್ತು, ಈಗ ಗಿರಾಕಿ ಎಲ್ಲಾ ಎಂಡಿಎಫ್ (ಕಟಗಿ ನಾರು ಒತ್ತಿ ಮಾಡಿದ ಬೋರ್ಡ್), ಪಾರ್ಟಿಕಲ್ ಬೋರ್ಡ್ ಕೇಳ್ತಾರ. ಕಟ್ಟರ್ ಹಚ್ಚಿದ್ರ ಸಾಕು ಕಣ್ಣು ಉರೀತಾವ, ಮೂಗು ಕಟ್ಟತೈತಿ. ಮಗಾ ಬಯೋಟೆಕ್ ಓದ್ಯಾನ, ಎಂಜೈಮ್‌ಲೆ ಅಂಟಿಲ್ಲದ ಬೋರ್ಡ್ ಮಾಡಬಹುದು ಅಂತಾನ. ಅದರಾಗ ಒಬ್ರು ಏಜೆಂಟ್ ಬಂದು ಎಂಜೈಮ್ ಲಿಕ್ವಿಡ್ ಅಂತ 20 ಲೀಟರ್ ಕ್ಯಾನ್ ಇಟ್ಟು ಹೋಗ್ಯಾರ, ಕಬ್ಬಿನ ಸಿಪ್ಪಿಗೆ ಇದನ್ನ ಕಲಸಿ ಒತ್ತಿದ್ರ ಬೋರ್ಡ್ ರೆಡಿ, ಪೂರ್ತಿ ಯೂನಿಟ್ 25 ಲಕ್ಷ ಅಂತಾರ. ನಮ್ಮ ಕಡೆ ಸಿಪ್ಪಿಗೇನ ಕಮ್ಮಿ ಇಲ್ಲ. ರೊಕ್ಕ ಹಾಕಬಹುದೇನ್ರಿ?

ಉತ್ತರ: ನಮಸ್ಕಾರ್ರೀ ಅಣ್ಣಾರ. 25 ಲಕ್ಷದ ಮಾತು ಅಂದ್ರಲ್ಲ, ಅದಕ್ಕ ಸುತ್ತಬಳಸದ ಮೊದಲ ಉತ್ತರ ಹೇಳಿಬಿಡ್ತೀನಿ, ಆಮ್ಯಾಲ ಕಾರಣ. ಎಂಜೈಮ್ ಅಂದ್ರ ಜೀವಿಗಳೊಳಗ ಹುಟ್ಟಿ ರಾಸಾಯನಿಕ ಕೆಲಸಾ ಚುರುಕು ಮಾಡೋ ಪ್ರೋಟೀನ್, ಅದರಿಂದ ಅಂಟಿಲ್ಲದ ಬೋರ್ಡ್ ಆಗೋದು ಖರೇ, ನಿಮ್ಮ ಮಗಾ ಹೇಳಿದ್ದು ತಪ್ಪಲ್ಲ. ಆದ್ರ ಆ ಕ್ಯಾನ್ ತಗೊಂಡು ನಿಮ್ಮ ಶೆಡ್ಡಿನ್ಯಾಗ 8x4 ಫೂಟಿನ ಬೋರ್ಡ್ ತಗೀತೀವಿ ಅನ್ನೋದು ಆಗಂಗಿಲ್ಲ. ಈ ಎರಡೂ ಮಾತು ಒಟ್ಟಿಗೇ ಖರೇ ಹೆಂಗ ಅಂತ ತಿಳ್ಕೊಂಡ್ರ ಮುಂದ ಯಾವ ಏಜೆಂಟ್ ಬಂದ್ರೂ ನೀವ ತಿರುಗಿ ಪ್ರಶ್ನಿ ಕೇಳಬಹುದು. ನಾನು ಬೆಳಗಾವ್ಯಾಗ ಬೋರ್ಡು, ನಾರು, ಅಂಟು ಇದರಾಗ ಕೆಲಸಾ ಮಾಡ್ಕೋತ ಬಂದಾಂವ, ಲ್ಯಾಬಿನ್ಯಾಗ ಈ ಎಂಜೈಮ್ ಬೋರ್ಡನ್ನೂ ಮಾಡಿ ಕೆಡಿಸಿ ನೋಡೀನಿ, ಹಿಂಗಾಗಿ ಸ್ವಲ್ಪ ಉದ್ದ ಆದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊದಲ ನಿಮ್ಮ ಕಣ್ಣು ಯಾಕ ಉರೀತಾವ ಅನ್ನೋದು. 18 ಎಂಎಂದ ಒಂದು 8x4 ಎಂಡಿಎಫ್ ಶೀಟ್ ಎತ್ತಿದ್ರ ಸುಮಾರು 38 ಕೆಜಿ ತೂಗತೈತಿ, ಅದರಾಗ ಮೂರೂವರಿಯಿಂದ ನಾಕು ಕೆಜಿ ಬರೇ ಅಂಟು. ಆ ಅಂಟಿಗೆ ಯೂರಿಯಾ ಫಾರ್ಮಾಲ್ಡಿಹೈಡ್ ಅಂತಾರ, ಸಣ್ಣಗ ಯುಎಫ್. ಯೂರಿಯಾ ಅಂದ್ರ ನೀವು ಹೊಲಕ್ಕ ಹಾಕೋ ಯೂರಿಯಾನ ರೀ, ಬ್ಯಾರೆ ಅಲ್ಲ. (ಮೊದಲ ಸಬ್ಸಿಡಿ ಗೊಬ್ಬರ ಕದ್ದು ಪ್ಲೈವುಡ್ ಅಂಟಿನ ಫ್ಯಾಕ್ಟರಿಗೆ ಹೋಗತಿತ್ತು, 2015ರಾಗ ಎಲ್ಲಾ ಯೂರಿಯಾಕ್ಕೂ ಬೇವಿನೆಣ್ಣಿ ಲೇಪ ಕಡ್ಡಾಯ ಮಾಡಿದ್ದಕ್ಕ ಇದೂ ಒಂದು ಕಾರಣ.) ಈ ಯುಎಫ್ ಅಗ್ಗ, ಪ್ರೆಸ್ಸಿನ್ಯಾಗ ಲಗೂನ ಗಟ್ಟಿ ಆಗತೈತಿ, ಬಣ್ಣಾನೂ ಬಿಡಂಗಿಲ್ಲ, ಅದಕ್ಕ ಫ್ಯಾಕ್ಟರಿಯವರಿಗೆ ಅದರ ಮ್ಯಾಲ ಜೀವ. ಆದ್ರ ಸೆಕೆ ಮತ್ತ ಹಸಿ ಸೇರಿದ್ರ ಅದು ನಿಧಾನಕ್ಕ ಬಿಚ್ಚಕೋತ ಹೋಗಿ ಫಾರ್ಮಾಲ್ಡಿಹೈಡ್ ಗಾಳಿ ಬಿಡತೈತಿ. ನಿಮ್ದು ತಗಡಿನ ಶೆಡ್, ಏಪ್ರಿಲ್ ಮೇದಾಗ ಒಳಗ ಕಾಯ್ದ ಹೆಂಚಾಗಿರತೈತಿ, ಮ್ಯಾಲಿಂದ ಕಟ್ಟರ್ ಬ್ಲೇಡಿನ ಕಾವು ಬ್ಯಾರೆ, ಹಂಗಾಗಿ ಆವಾಗ ಹೆಚ್ಚು ಉರೀತೈತಿ. ಇದು ಬರೇ ಕಿರಿಕಿರಿ ಅಲ್ರಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಾಗ ಇದನ್ನ ಮನುಷ್ಯಾಗ ಕ್ಯಾನ್ಸರ್ ತರೋ ಪದಾರ್ಥಗಳ ಮೊದಲನೇ ಗುಂಪಿಗೆ ಸೇರಿಸ್ತು. ಒಂದು ಕ್ಯೂಬಿಕ್ ಮೀಟರ್ ಗಾಳಿಗೆ 0.1 ಮಿಲಿಗ್ರಾಂ, ಅರ್ಧ ತಾಸಿನ ಸರಾಸರಿ, ಅದಕ್ಕಿಂತ ಮ್ಯಾಲ ಹೋಗಬಾರದು ಅನ್ನೋದು ಅವರ ಮಿತಿ.

ಸರಿ, ಅಂಟು ಇಲ್ಲದ ಹೆಂಗ ಮಾಡೋದು? ನಿಮ್ಮ ಮನ್ಯಾಗ ರೊಟ್ಟಿ ಬಡಿಯೋದು ನೋಡ್ರಿ. ಗೋಧಿ ಹಿಟ್ಟಿಗೆ ತನ್ನದ ಒಂದು ಜಿಗಿ ಇರತೈತಿ, ತಣ್ಣೀರು ಹಾಕಿ ನಾದಿದ್ರೂ ಎಳದಂಗ ಬರತೈತಿ. ಜ್ವಾಳದ ಹಿಟ್ಟಿಗೆ ಆ ಭಾಗ್ಯ ಇಲ್ಲ. ಆದ್ರ ನಮ್ಮವ್ವಾರು ಅದಕ್ಕೇನು ಮೈದಾ ಕೂಡಸ್ತಾರೇನು? ಇಲ್ಲ. ಕುದಿಯೋ ಎಸರು ಹಾಕಿ, ಕೈ ಸುಟ್ಟಕೊಂಡ ನಾದಿ, ಹಿಟ್ಟಿನೊಳಗ ಮೊದಲ ಇದ್ದದ್ದನ್ನ ಎಬ್ಬಿಸಿ ಜಿಗಿ ಬರಸ್ತಾರ. ಕಟಗೀದೂ ಹಂಗ. ಕಟಗಿಯೊಳಗ ಸುಮಾರು 40ರಿಂದ 50 ಭಾಗ ಸೆಲ್ಯುಲೋಸ್ ಅನ್ನೋ ನಾರು, 20ರಿಂದ 30 ಭಾಗ ಹೆಮಿಸೆಲ್ಯುಲೋಸ್, ಮತ್ತ ಹೆಚ್ಚುಕಮ್ಮಿ ಅಷ್ಟ ಲಿಗ್ನಿನ್. ಈ ಲಿಗ್ನಿನ್ ಅನ್ನೋದ ದೇವರು ಕೊಟ್ಟ ಅಂಟು, ಬೇವಿನ ಗಿಡ 60 ಫೂಟ್ ನೆಟ್ಟಗ ನಿಂತೈತಿ ಅಂದ್ರ ಇದರ ಪುಣ್ಯ. ನಾವು ಮಾಡೋದೇನು ಅಂದ್ರ ಕಟಗಿ ಪುಡಿ ಮಾಡಿ, ಒಳಗಿನ ಅಂಟನ್ನ ಮಲಗಿಸಿ, ಹೊರಗಿಂದ ಬ್ಯಾರೆ ಅಂಟು ತಂದು ಹಚ್ಚತೀವಿ.

ಒಳಗಿನ ಅಂಟನ್ನ ಎಬ್ಬಸೋದು ಹೊಸಾದೇನಲ್ಲ. 1924ರಾಗ ಅಮೆರಿಕಾದ ವಿಲಿಯಂ ಮೇಸನ್ ಅನ್ನಾಂವ ಕಟಗಿ ಚೂರನ್ನ ಹಬಿ ಒತ್ತಡದಾಗ ಬೇಯಿಸಿ ಒಮ್ಮೆಲೆ ಬಾಯಿ ತಗದು ಸಿಡಿಸಿ, ಆ ನಾರನ್ನ ಬಿಸಿ ಪ್ರೆಸ್ಸಿನ್ಯಾಗ ಒತ್ತಿ ಒಂದು ಹನಿ ಅಂಟಿಲ್ಲದ ಹಾರ್ಡ್‌ಬೋರ್ಡ್ ಮಾಡಿದ. ಮೇಸೋನೈಟ್ ಅಂತ ಅದರ ಹೆಸರು. ಅಲ್ಲಿ ಲಿಗ್ನಿನ್ ಎಬ್ಬಿಸಿದ್ದು ಬೆಂಕಿ, ನೀರು, ಒತ್ತಡ. ಎಂಜೈಮ್ ಮಂದಿ ಹೇಳೋದು, ಅಷ್ಟು ಬೆಂಕಿ ಯಾಕ, ತಣ್ಣಗ ಎಬ್ಬಸೋಣು ಅಂತ.

ಆ ಎಂಜೈಮಿನ ಹೆಸರು ಲ್ಯಾಕೇಸ್. ಇದರ ಕಥಿ ಭಾಳ ಚಂದ ಐತಿ. ಜಪಾನಿನ್ಯಾಗ ಒಂದು ಗಿಡದ ಹಾಲು ತಗದು ಬಟ್ಟಲಕ್ಕ, ಪೆಟ್ಟಿಗೀಗೆ ಬಳೀತಾರ, ಉರುಶಿ ಅಂತಾರ ಅದಕ್ಕ. ಹಸಿ ಗಾಳ್ಯಾಗ ಇಟ್ರ ಕಪ್ಪಗ ಕಲ್ಲಿನಂಗ ಗಟ್ಟಿ ಆಗತೈತಿ, ನೂರಾರು ವರ್ಷ ಬಾಳತೈತಿ. ಅದು ಯಾಕ ಗಟ್ಟಿ ಆಗತೈತಿ ಅಂತ 1883ರಾಗ ಯೋಶಿದಾ ಅನ್ನೋ ಕೆಮಿಸ್ಟ್ ಹುಡುಕಿದಾಗ ಆ ಹಾಲಿನೊಳಗ ಸಿಕ್ಕದ್ದ ಈ ಎಂಜೈಮ್. ಅದರ ತಮ್ಮ ಒಬ್ಬ ನಿಮ್ಮ ಅಡಗಿ ಮನ್ಯಾಗೂ ಅದಾನ. ಎಣಗಾಯಿಗೆ ಬದನಿಕಾಯಿ ಹೆಚ್ಚಿ ಹಂಗ ಇಟ್ರ ಕಪ್ಪಾಗತೈತಲ್ಲ, ಅದಕ್ಕ ಉಪ್ಪು ನೀರಾಗ ಹಾಕ್ತಾರಲ್ಲ, ಅಲ್ಲಿನೂ ಇಂಥಾದ್ದ ಒಂದು ತಾಮ್ರದ ಎಂಜೈಮು, ಗಾಳಿಯೊಳಗಿನ ಆಕ್ಸಿಜನ್ ತಗೊಂಡು ಕಾಯಿಯೊಳಗಿನ ಫೀನಾಲ್ ಅನ್ನೋ ಜಾತಿ ರಾಸಾಯನಿಕಾನ ಸುಟ್ಟು ಒಂದಕ್ಕೊಂದು ಜೋಡಸತೈತಿ, ಜೋಡಿ ಆದದ್ದ ಆ ಕಪ್ಪು ಬಣ್ಣ. ಲ್ಯಾಕೇಸಿನ ಹೊಟ್ಟ್ಯಾಗ ನಾಕು ತಾಮ್ರದ ಅಣು ಅದಾವ. ಲಿಗ್ನಿನ್ ಅನ್ನೋದ ಪೂರ್ತಿ ಫೀನಾಲ್ ಜಾತಿ, ಹಂಗಾಗಿ ಲ್ಯಾಕೇಸ್ ಅದರಿಂದ ಒಂದು ಎಲೆಕ್ಟ್ರಾನ್ ಕಿತ್ತಕೊಂಡ್ರ ಅಲ್ಲಿ ಒಂದು ಖಾಲಿ ಕೈ ಉಳೀತೈತಿ, ಆ ಖಾಲಿ ಕೈ ಬಾಜೂ ನಾರಿನ ಖಾಲಿ ಕೈ ಹಿಡ್ಕೋತೈತಿ. ಕಿತ್ತಕೊಂಡ ಎಲೆಕ್ಟ್ರಾನ್ ಆಕ್ಸಿಜನ್ನಿಗೆ ಹೋಗಿ ಕಡೀಕ ನೀರಾಗತೈತಿ. ವಿಷ ಇಲ್ಲ, ಹೊಲಸು ಇಲ್ಲ. ಬಿಳಿ ಕೊಳಿ ತರೋ ಅಣಬಿಗಳು ಇದನ್ನ ಉಗುಳತಾವ. ಖಾನಾಪುರ ಕಾಡಿನ್ಯಾಗ ಮಳಿಗಾಲಕ್ಕ ಬಿದ್ದ ದಿಮ್ಮಿ ಮ್ಯಾಲ ಪಟ್ಟಿ ಪಟ್ಟಿ ಬೀಸಣಿಕಿಯಂಥ ಅಣಬಿ ನೋಡಿರ್ತೀರಿ, ಅಂಥ ಜಾತಿಯೊಳಗ ಲ್ಯಾಕೇಸ್ ಇರತೈತಿ.

ಈಗ ಇಲ್ಲೊಂದು ಮಾತು ಗಟ್ಟಿ ಹಿಡ್ಕೋರಿ, ಎಂಜೈಮ್ ಅಂದ್ರ ಅಂಟಲ್ಲ. ಫೆವಿಕಾಲಿನಂಗ ನಡುವ ಕುಂತು ಎರಡೂ ಕಡೆ ಹಿಡ್ಯಾಂಗಿಲ್ಲ. ಕಟಗಿಯೊಳಗ ಇದ್ದದ್ದನ್ನ ಎಬ್ಬಸತೈತಿ ಅಷ್ಟ, ಎಸರಿನಂಗ. ನಿಮ್ಮ ಏಜೆಂಟ್ ಹೇಳಿದಂಗ ಕಲಸಿ ಒತ್ತಿದ್ರ ಬೋರ್ಡ್ ಅನ್ನೋದು ಅಂಟಿನ ಮಾತಾತು, ಎಂಜೈಮಿನ ಮಾತಲ್ಲ. ನನಗ ಸಂಶೆ ಹುಟ್ಟಿದ್ದ ಅಲ್ಲೇ.

1990ರ ದಶಕದಾಗ ಜರ್ಮನಿಯ ಗ್ಯೋಟಿಂಗನ್ ಯುನಿವರ್ಸಿಟ್ಯಾಗ ಹ್ಯೂಟರ್‌ಮನ್, ಖರಾಜಿಪುರ್ ಅನ್ನವರು, ಡೆನ್ಮಾರ್ಕಿನ್ಯಾಗ ಕ್ಲಾಸ್ ಫೆಲ್ಬಿ ಅನ್ನವರು ಇದನ್ನ ಭಾಳ ಮನಸಿಟ್ಟು ಮಾಡಿದ್ರು. ಫೆಲ್ಬಿ ಅವರ ತಂಡ ಬೀಚ್ ಕಟಗಿ ನಾರನ್ನ ನೀರಾಗ ಲ್ಯಾಕೇಸ್ ಕೂಡ ಕಲಿಸಿ ಒತ್ತಿ ಬೋರ್ಡ್ ತಗದು, 1997ರಾಗ ಅದರ ಫಲಿತಾಂಶ ಬರದ್ರು, ಆಮ್ಯಾಲ ಪೈಲಟ್ ಪ್ಲಾಂಟಿನ್ಯಾಗೂ ಮಾಡಿದ್ರು. ನಾರಿನ ಮ್ಯಾಲ ಎದ್ದ ಆ ಖಾಲಿ ಕೈ ಮಶೀನಿನ್ಯಾಗ ಖರೇನ ಕಂಡು ಬಂತು, ಬೋರ್ಡೂ ಎಂಜೈಮ್ ಇಲ್ಲದ ಬೋರ್ಡಿಗಿಂತ ಗಟ್ಟಿ ಆತು. ಅಂದ್ರ ವಿದ್ಯೆ ಖರೇ. ಹಂಗಾರ ಆಮ್ಯಾಲ ಇಷ್ಟು ವರ್ಷ ಆದ್ರೂ ನಮ್ಮೂರ ಪ್ಲೈವುಡ್ ಅಂಗಡ್ಯಾಗ ಎಂಜೈಮ್ ಎಂಡಿಎಫ್ ಯಾಕ ಸಿಗವಲ್ದು?

ನೀರು. ಪೂರಾ ಕಥಿ ನೀರಿನ ಮ್ಯಾಲ ನಿಂತೈತಿ. ಎಂಜೈಮಿಗೆ ನೀರು ಬೇಕ ಬೇಕು, ಒಣಾ ನಾರಿನ ಮ್ಯಾಲ ಅದು ಕೆಲಸಾ ಮಾಡಂಗಿಲ್ಲ, ಗಾಳಿನೂ ಬೇಕು, ಸ್ವಲ್ಪ ಹುಳಿ ನೀರು ಬೇಕು, ಅಂದ್ರ ಪಿಎಚ್ 4ರಿಂದ 6, ಕಾವು 40-50 ಡಿಗ್ರಿ. ಆದ್ರ ಬಿಸಿ ಪ್ರೆಸ್ಸಿಗೆ ನೀರು ಬ್ಯಾಡ. ನಾರಿನ್ಯಾಗ 10-12 ಪರ್ಸೆಂಟ್‌ಗಿಂತ ಭಾಳ ಹೆಚ್ಚು ನೀರಿತ್ತಂದ್ರ 180 ಡಿಗ್ರಿ ಪ್ಲೇಟಿನ ನಡುವ ಅದು ಹಬಿ ಆಗಿ ಒಳಗ ಸಿಕ್ಕೊಂಡು ಕುಂಡರತೈತಿ, ಪ್ರೆಸ್ ಬಾಯಿ ಬಿಟ್ಟ ಕೂಡ್ಲೆ ಬೋರ್ಡ್ ಢಬ್ ಅಂತ ನಡುವ ಸೀಳತೈತಿ. ಬಕ್ರಿ ಹಂಚಿನ ಮ್ಯಾಲ ಉಬ್ಬತೈತಲ್ಲ, ಥೇಟ್ ಹಂಗ. ಬಕ್ರಿ ಉಬ್ಬಿದ್ರ ಚಲೋ, ಬೋರ್ಡ್ ಉಬ್ಬಿದ್ರ ಒಲಿಗೆ. ನಾನು ಮೊದಲ ಸಲ ಒಂದು ಫೂಟ್ ಚೌಕದ ಬೋರ್ಡ್ ಒತ್ತಿದಾಗ ಆಸೆ ತಡೀಲಾರದ ಲಗೂನ ಪ್ರೆಸ್ ತಗದೆ, ಆ ಸಪ್ಪಳಕ್ಕ ಬಾಜೂ ರೂಮಿನವರು ಓಡಿ ಬಂದ್ರು, ನನ್ನ ಬೋರ್ಡ್ ಎರಡು ಪದರ ಆಗಿ ಬಿದ್ದಿತ್ತು. ಎರಡನೇ ಸಲ ಸಾವಕಾಶ ಒತ್ತಡ ಇಳಿಸಿ ತಗದೆ, ನೋಡಾಕ ಚಂದ ಬಂತು, ಬೆರಳಿಲೆ ಬಡದ್ರ ಠಣ್ ಅಂತಿತ್ತು. ಖುಷಿಲೆ ಬಕೀಟ ನೀರಾಗ ಮುಳುಗಿಸಿ ಮನಿಗೆ ಹೋದೆ, ಮುಂಜಾನೆ ಬಂದು ನೋಡಿದ್ರ ಚಹಾದಾಗ ಬಿದ್ದ ಟೋಸ್ಟಿನಂಗ ಆಗಿತ್ತು. ಅಂಟಿಲ್ಲದ ಬೋರ್ಡಿನ ದೊಡ್ಡ ವೀಕ್‌ನೆಸ್ ಅದ, ಒಣಗಿದ್ದಾಗ ಬಲ, ನೀರು ಕುಡದ್ರ ಉಬ್ಬತೈತಿ, ಹಿಂಗಾಗಿ ಮ್ಯಾಣ ಹಾಕಬೇಕಾಗತೈತಿ.

ಹಂಗಾರ ಎಂಜೈಮ್ ಹಾಕಿದ ಮ್ಯಾಲ ಒಣಗಿಸಿ ಒತ್ತೋಣು ಅಂತೀರಿ. ಸರಿ, ಲೆಕ್ಕಾ ಹಾಕ್ರಿ. ಒಂದು ಶೀಟಿಗೆ 35 ಕೆಜಿ ನಾರು, ಹಿಂಡಿದ ಮ್ಯಾಲೂ ಅಷ್ಟ ನೀರು ಉಳೀತು ಅಂತ ಹಿಡ್ಯೋಣು, ಅದರಾಗ 30 ಲೀಟರ್ ಮ್ಯಾಲ ನೀರು ಹಾರಿಸಬೇಕು. ಒಂದು ಲೀಟರ್ ನೀರು ಹಬಿ ಮಾಡಾಕ ಏನು ಮಾಡಿದ್ರೂ 0.63 ಯೂನಿಟ್ ಶಾಖ ಬೇಕು, ಅಂದ್ರ ಒಂದು ಶೀಟಿಗೆ ಸುಮಾರು 20 ಯೂನಿಟ್ ಬರೇ ಒಣಗಸಾಕ, ಅದೂ ಏನೂ ಪೋಲಾಗದಿದ್ರ. ನಮ್ಮ ವಿಜಯಪುರ ಬಾಗಲಕೋಟ ಬಿಸಲು ಪುಕ್ಕಟ ಐತಲ್ಲ, ಮ್ಯಾಳಗಿ ಮ್ಯಾಲ ಹರವಿದ್ರಾತು ಅಂತ ನಿಮ್ಮ ಮಗಾ ಅಂದಾನು. ನಾನೂ ಅಂದಿದ್ದೆ. ಆದ್ರ ಎಬ್ಬಿಸಿದ ಖಾಲಿ ಕೈ ಕಾಯ್ಕೋತ ಕುಂಡರಂಗಿಲ್ಲ, ಸ್ವಲ್ಪ ಹೊತ್ತು ತಡೀತಾವ, ಆಮ್ಯಾಲ ತಮ್ಮ ತಮ್ಮೊಳಗ ಜೋಡಿ ಆಗಿ ತಣ್ಣಗಾಗ್ತಾವ. ಪ್ರೆಸ್ಸಿಗೆ ಹೋಗೂದ್ರಾಗ ಮದುವಿ ಮುಗದ ಹೋಗಿರತೈತಿ. ಒಣಗೋದು ಲಗೂನ ಆಗ್ಬೇಕು, ಲಗೂ ಅಂದ್ರ ಡ್ರೈಯರ್ ಬೇಕು, ಡ್ರೈಯರ್ ಅಂದ್ರ ಮತ್ತ ಖರ್ಚು. ಇದರ ಮ್ಯಾಲ ಅಂಟಿಲ್ಲದ ಬೋರ್ಡ್ ಪ್ರೆಸ್ಸಿನ್ಯಾಗ ಹೆಚ್ಚು ಹೊತ್ತು ಇರಬೇಕು. ಯುಎಫ್ ಹಾಕಿದ್ದು ನಾಕೈದು ನಿಮಿಷಕ್ಕ ಹೊರಗ ಬಂದಬಿಡತೈತಿ.

ಸಿಪ್ಪಿಗೇನ ಕಮ್ಮಿ ಇಲ್ಲ ಅಂದ್ರಲ್ಲ, ಅಲ್ಲೊಂದು ಸಣ್ಣ ತಕರಾರು ಐತಿ ನಂದು. ಕಬ್ಬಿನ ಸಿಪ್ಪಿ ಬೋರ್ಡು 1920ರ ದಶಕದಾಗ ಅಮೆರಿಕಾದ ಲೂಸಿಯಾನಾದಾಗನ ಸೆಲೋಟೆಕ್ಸ್ ಅಂತ ಮಾಡಿ ಮಾರ್‍ಯಾರ, ಮಾಲು ಬೋರ್ಡಿಗೆ ಬರತೈತಿ ಅನ್ನೋದ್ರಾಗ ಅನುಮಾನ ಇಲ್ಲ. ಕಬ್ಬು ಹುಲ್ಲಿನ ಜಾತಿ, ಅದರ ಲಿಗ್ನಿನ್ನಿನ್ಯಾಗ ಲ್ಯಾಕೇಸಿಗೆ ಹಿಡಿಸೋ ಫೀನಾಲೂ ಚಲೋ ಅದಾವ. ಆದ್ರ ಒಂದು ಟನ್ ಕಬ್ಬು ಅರದ್ರ 280ರಿಂದ 300 ಕೆಜಿ ಸಿಪ್ಪಿ, ಅದರಾಗ ಅರ್ಧ ನೀರು. ಉಳಿದ 150 ಕೆಜ್ಯಾಗ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಬೆಂಡು, ಸ್ಪಂಜಿನಂಗ, ಅಂಟು ಕುಡೀತೈತಿ, ನೀರು ಕುಡೀತೈತಿ, ಬಲ ಕೊಡಂಗಿಲ್ಲ. ಅದನ್ನ ಬಡದು ಜರಡಿ ಹಿಡದು ತಗೀಬೇಕು. ಕಡೀಕ ಉಳ್ಯೋದು 100 ಕೆಜಿ, ಅಂದ್ರ ಎರಡೂವರಿ ಶೀಟ್. ಮತ್ತ ಸಿಪ್ಪಿ ಯಾರ ಹತ್ರ ಬಿದ್ದೈತ್ರಿ? ಫ್ಯಾಕ್ಟರಿಯವರು ಬಾಯ್ಲರಿಗೆ ಹಾಕಿ ಕರೆಂಟ್ ತಗದು ಮಾರ್ತಾರ, ನಿಮ್ಮೂರ ಬೆಲ್ಲದ ಗಾಣದವರು ಒಣಗಿಸಿ ಅದ ಒಲಿಗೆ ಹಾಕ್ತಾರ. ಸಿಪ್ಪಿ ಕಸ ಅಲ್ಲ, ಉರುವಲಾ ಐತಿ, ಅದಕ್ಕ ರೇಟ್ ಐತಿ, ಹಂಗಾಮ ಮುಗದ ಮ್ಯಾಲ ರೇಟ್ ಬ್ಯಾರೇನ ಇರತೈತಿ. ಕುಪ್ಪಿ ಹಾಕಿ ಇಟ್ರ ಉಳದ ಸಕ್ಕರಿ ಹುಳತು ಬೂಸ್ಟ ಬರತೈತಿ, ಆ ಧೂಳು ಒಳಗ ಹೋದ್ರ ಬಗ್ಯಾಸೋಸಿಸ್ ಅಂತ ಪುಪ್ಪುಸದ ಬ್ಯಾನಿನೂ ಐತಿ. ಕಣ್ಣಿನ ಉರಿ ಬಿಟ್ಟು ಎದಿ ಬ್ಯಾನಿ ತಗೊಂಡಂಗ ಆಗಬಾರದು. ಹಳೇ ಹಿಟ್ಟಿನ ಜಿಗಿ ಹೋದಂಗ ಹುಳತ ಸಿಪ್ಪಿನೂ ಬಲಾ ಕಳ್ಕೋತೈತಿ.

ಇನ್ನ ಮಶೀನು. ಬೋರ್ಡ್ ಗಟ್ಟಿ ಆಗ್ಬೇಕಂದ್ರ ಒಂದು ಚದರ ಮಿಲಿಮೀಟರಿಗೆ 3 ನ್ಯೂಟನ್ ಒತ್ತಡ ಬೇಕು ಅಂತ ಹಿಡ್ರಿ, 8x4 ಶೀಟಿಗೆ ಅದು ಸುಮಾರು 900 ಟನ್ ಆಗತೈತಿ. 900 ಟನ್ ಬಿಸಿ ಪ್ರೆಸ್, ಮುಂದ ಹಬಿಯೊಳಗ ಸಿಪ್ಪಿ ಬಿಡಿಸಿ ನಾರು ಮಾಡೋ ರಿಫೈನರ್, ಅದರ ಬಾಯ್ಲರ್, ಡ್ರೈಯರ್, ನಾರು ಹಾಸೋ ಮಶೀನು, ಇವೆಲ್ಲಾ 25 ಲಕ್ಷದಾಗ ಅಂದ್ರ ನಾನೇನ ಹೇಳ್ಲಿ ಅಣ್ಣಾರ, ನೀವ ಹೇಳ್ರಿ. ರಿಫೈನರ್ ಇಲ್ಲದ ಕುಟ್ಟಿದ ಸಿಪ್ಪಿಗೆ ಎಂಜೈಮ್ ಹಾಕಿದ್ರ ಎಂಜೈಮ್ ಮ್ಯಾಲ ಮ್ಯಾಲ ಸವರಿ ಹೋಗತೈತಿ, ಲಿಗ್ನಿನ್ ಬಯಲಿಗೆ ಬಂದಿರಂಗಿಲ್ಲ. ಇದರಾಗ ಎಂಜೈಮ್ ಅನ್ನೋದು ಸಣ್ಣ ಪಾತ್ರ ಅಷ್ಟ, ಖರೇ ಬಂಡವಾಳ ನಾರು ಬಿಡಸೋದ್ರಾಗ ಮತ್ತ ಒತ್ತೋದ್ರಾಗ ಹೋಗತೈತಿ, ಏಜೆಂಟ್ ಮಾತ್ರ ನಿಮ್ಮ ಮುಂದ ಆ ಸಣ್ಣದನ್ನ ಹಿಡದು ತೋರಿಸ್ಯಾರ.

ಎಂಜೈಮ್ ಎಲ್ಲೂ ಗೆದ್ದೇ ಇಲ್ಲ ಅಂತಲ್ಲ ಮತ್ತ. ಕಾಗದದ ತಿರುಳು ಬಿಳಿ ಮಾಡುವಾಗ ಕ್ಸೈಲನೇಸ್ ಅನ್ನೋ ಎಂಜೈಮ್ ಹಾಕಿದ್ರ ಕ್ಲೋರಿನ್ ಕಮ್ಮಿ ಸಾಲತೈತಿ ಅಂತ 1986ರಾಗ ಫಿನ್ಲೆಂಡಿನ ಲೀಸಾ ವೀಕಾರಿ ಅವರ ತಂಡ ತೋರಿಸ್ತು, ಅದು ಪೇಪರ್ ಮಿಲ್ಲಿಗೆ ಹೋತು, ಯಾಕಂದ್ರ ಅಲ್ಲಿ ತಿರುಳು ಮೊದಲ ನೀರಾಗ ಇರತೈತಿ. ಇದ ಲ್ಯಾಕೇಸನ್ನ ಜೀನ್ಸ್ ಪ್ಯಾಂಟಿನ ನೀಲಿ ಇಳಸಾಕ ವಾಷಿಂಗಿನ್ಯಾಗ ಹಾಕ್ತಾರ, ಅದೂ ನೀರಿನ ಕೆಲಸ. ನೀರು ಮೊದಲ ಇದ್ದಲ್ಲಿ ಎಂಜೈಮ್ ಪುಕ್ಕಟ ಸವಾರಿ ಮಾಡತೈತಿ, ಎಂಜೈಮಿನ ಸಲುವಾಗಿ ನೀರು ಹಾಕಿ ಮತ್ತ ತಗೀಬೇಕಾದ ಕಡೆ ತೋಪಾಗತೈತಿ.

ಈಗ ಆ ಕ್ಯಾನ್ ವಿಚಾರಕ್ಕ ಬರೋಣು. ಅದರ ಮ್ಯಾಲ ಎಂಜೈಮಿನ ಹೆಸರು ಮತ್ತ ಒಂದು ಗ್ರಾಮಿಗೆ ಅಥವಾ ಒಂದು ಎಂಎಲ್‌ಗೆ ಇಷ್ಟು ಯೂನಿಟ್ (ಎಂಜೈಮ್ ಎಷ್ಟು ಕೆಲಸಾ ಮಾಡತೈತಿ ಅನ್ನೋ ಅಳತಿ) ಅಂತ ಬರದೈತೇನು ನೋಡ್ರಿ. ಎಂಜೈಮನ್ನ ಲೀಟರ್ ಮ್ಯಾಲ ಮಾರೋದು ಅಂದ್ರ ಬಂಗಾರಾನ ಕ್ಯಾರೆಟ್ ಹೇಳದ ಮಾರಿದಂಗ, ಅದರ ಬೆಲಿ ಇರೋದ ಯೂನಿಟ್ಟಿನ್ಯಾಗ. ಬರೀದಿದ್ರ ಅಲ್ಲೇ ಅರ್ಧ ಉತ್ತರ ಸಿಕ್ತು. ಇನ್ನರ್ಧಕ್ಕ ನಿಮ್ಮ ಮಗನ ಕಾಲೇಜ್ ಲ್ಯಾಬ್ ಸಾಕು. ಗ್ವಾಯಾಕಾಲ್ ಅಂತ ಒಂದು ಕೆಮಿಕಲ್ ಇರತೈತಿ, ಎರಡು ಟೆಸ್ಟ್ ಟ್ಯೂಬಿನ್ಯಾಗ ಪಿಎಚ್ 5ರ ಬಫರಿನ್ಯಾಗ ಅದರ ಹನಿ ಹಾಕ್ರಿ. ಒಂದಕ್ಕ ಕ್ಯಾನಿನ ಲಿಕ್ವಿಡ್ ಹಂಗ ಹಾಕ್ರಿ, ಇನ್ನೊಂದಕ್ಕ ಅದ ಲಿಕ್ವಿಡ್‌ನ ಹತ್ತು ನಿಮಿಷ ಕುದಿಸಿ, ಆರಿಸಿ ಹಾಕ್ರಿ. ಒಳಗ ಲ್ಯಾಕೇಸ್ ಇತ್ತಂದ್ರ ಮೊದಲನೇದು ಕೆಂಪು ಕಂದು ಆಗ್ಬೇಕು, ಕುದಿಸಿದ್ದು ಆಗಬಾರದು, ಕುದಿಸಿದ್ರ ಎಂಜೈಮ್ ಸಾಯತೈತಿ. ಎರಡೂ ಬಣ್ಣ ಬಂದ್ವು ಅಂದ್ರ ಅದು ಎಂಜೈಮಲ್ಲ, ಬ್ಯಾರೆ ಏನೋ ಕೆಮಿಕಲ್. ಎರಡಕ್ಕೂ ಬರಲಿಲ್ಲ ಅಂದ್ರ ಸತ್ತ ಎಂಜೈಮು, ಬರೇ ನೀರು, ಇಲ್ಲಾ ಲ್ಯಾಕೇಸ್ ಅಲ್ಲದ ಬ್ಯಾರೆ ಏನೋ. ನಮ್ಮ ಶೆಡ್ಡಿನ ಸೆಕಿಗೆ ತಿಂಗಳಗಟ್ಟಲೆ ಇಟ್ರ ಚಲೋ ಎಂಜೈಮೂ ಸಾಯತೈತಿ, ಅದನ್ನೂ ಲೆಕ್ಕಕ್ಕ ಹಿಡ್ರಿ.

ಇನ್ನೊಂದು ಪರೀಕ್ಷಾ ನಾನ ಮಾಡೂದು, ಯಾಕಂದ್ರ ಹಿಂದೊಮ್ಮೆ ನನಗೂ ಒಬ್ರು ಗ್ರೀನ್ ಬೈಂಡರ್ ಅಂತ ತಂದು ಕೊಟ್ಟಿದ್ರು, ಬೋರ್ಡ್ ಭಾಳ ಚಲೋ ಬಂತು, ಇಷ್ಟು ಚಲೋ ಬರೋದ ಅನುಮಾನ ಅನಿಸ್ತು. ಲಿಕ್ವಿಡ್ ಸ್ವಲ್ಪ ಸ್ಟೀಲ್ ಬಟ್ಟಲದಾಗ ತಗೊಂಡು ಕಲಾಯಿ ಹಾಕವರು ಇಟ್ಟಿರ್ತಾರಲ್ಲ ನವಸಾಗರ, ಅದನ್ನ ಚಿಟಿಕಿ ಹಾಕಿ ಕುದಿಯೋ ನೀರಿನ ಮ್ಯಾಲ ಇಡ್ರಿ, ಕಿಡಕಿ ತಗದು, ಮಾರಿ ದೂರ ಇಟಗೊಂಡು. ಲಗೂನ ದಪ್ಪಗಾಗಿ ಬಿಳಿ ಕಲ್ಲಿನಂಗ ಗಟ್ಟಿ ಆದ್ರ ಅದು ಯುಎಫ್, ಫ್ಯಾಕ್ಟರಿಯವರು ಅದನ್ನ ಗಟ್ಟಿ ಮಾಡಾಕ ಇದ ನವಸಾಗರ ಹಾಕ್ತಾರ. ನನ್ನ ಬಟ್ಟಲದಾಗ ಕಲ್ಲ ಆತು. ಗ್ರೀನ್ ಬೈಂಡರ್ ಹೋಗಿ ನಮ್ಮ ಹಳೇ ಯೂರಿಯಾನ ಬಂದು ಕುಂತಿತ್ತು.

ಹಂಗಂತ ಮಗನ ಆಸೆ ಮುರೀಬ್ಯಾಡ್ರಿ. ತಮ್ಮಾ, ನಿನಗ ಹೇಳೋದು ಇದು. 8x4 ಶೀಟಿನ ಹುಚ್ಚು ಬಿಡು, ಅಲ್ಲಿ ನೀ ಯುಎಫ್ ಕೂಡ ರೇಟಿನ ಮ್ಯಾಲ ಕುಸ್ತಿ ಹಿಡೀಬೇಕು, ಗೆಲ್ಲಂಗಿಲ್ಲ. ನೀರು ಮೊದಲ ಇರೋ ಕೆಲಸಾ ಹುಡುಕು. ನಾರನ್ನ ನೀರಾಗ ಕಲಿಸಿ ಅಚ್ಚಿಗೆ ಎತ್ತಿ ಒಣಗಸೋ ಸಾಮಾನು, ಕಾಗದದ ಮೊಟ್ಟಿ ಟ್ರೇ ಇರತೈತಲ್ಲ ಅಂಥಾವು, ನರ್ಸರಿ ಸಸಿ ಕುಂಡ, ತಿಕೋಟಾ ಕಡೆ ದ್ರಾಕ್ಷಿ ಬಾಕ್ಸಿಗೆ ಹಾಕೋ ಪ್ಯಾಡು. ಅಲ್ಲಿ ಒಣಗಸೋ ಖರ್ಚು ಎಂಜೈಮ್ ಇದ್ರೂ ಇರತೈತಿ, ಇಲ್ಲದಿದ್ರೂ ಇರತೈತಿ. ಸಸಿ ಕುಂಡಕ್ಕ ನೀರಾಗ ಕಡೀಕ ಕರಗೋದ ಗುಣ, ಬೋರ್ಡಿನ್ಯಾಗ ಏನು ದೋಷ ಅಂದ್ವೋ ಅದ ಇಲ್ಲಿ ಮಾರಾಕ ಬರತೈತಿ. ಒಂದು ಫೂಟ್ ಚೌಕ ಒತ್ತಾಕ 30 ಟನ್ ಹೈಡ್ರಾಲಿಕ್ ಪ್ರೆಸ್ ಸಾಕು, ಪ್ಲೇಟಿಗೆ ಹೀಟರ್ ಕೂಡ್ರಿಸಿ ಕೊಡವರು ಬೆಳಗಾವಿ ಉದ್ಯಮಬಾಗಿನ್ಯಾಗ ಸಿಗ್ತಾರ, ಫೌಂಡ್ರಿ ಮಶೀನ್‌ಶಾಪ್ ತುಂಬಿದ ಜಾಗ ಅದು.

ಇನ್ನೊಂದು ದಾರಿ ನನಗ ಇದಕ್ಕಿಂತ ಹೆಚ್ಚು ಸೇರತೈತಿ. ಎಂಜೈಮ್ ಕ್ಯಾನಿನ್ಯಾಗ ಕೊಳ್ಳೋದ್ಯಾಕ, ಅದನ್ನ ಮಾಡೋ ಅಣಬೀನ ಸಾಕಬಾರದ್ಯಾಕ? ನಾವು ತಿನ್ನೋ ಆಯಿಸ್ಟರ್ ಅಣಬಿನ ಲ್ಯಾಕೇಸ್ ಉಗುಳತೈತಿ. ಹತ್ತಿ ಕಟಗಿ, ತೊಗರಿ ಕಟಗಿ, ರವದಿ, ಏನರ ಕತ್ತರಿಸಿ, ಕುದಿ ನೀರಾಗ ತೊಯಿಸಿ ಸೋಸಿ, ಆರಿಸಿ, ಅಣಬಿ ಬೀಜಾ ಕಲಿಸಿ ಅಚ್ಚಿನ್ಯಾಗ ತುಂಬಿ ಇಟ್ರ ಬಿಳಿ ಎಳಿ ಹಬ್ಬಿ ಎಲ್ಲಾ ಚೂರನ್ನ ಹೊಲದಂಗ ಹಿಡ್ಕೋತೈತಿ. ಆಮ್ಯಾಲ ಕಾವಿಗೆ ಒಣಗಿಸಿ ಅಣಬಿ ಸಾಯಿಸಬೇಕು, ಇಲ್ಲಂದ್ರ ಪ್ಯಾಕಿಂಗ್ ಮ್ಯಾಲ ಕೊಡಿ ಒಡೀತಾವ. 2007ರಾಗ ಶುರುವಾದ ಅಮೆರಿಕಾದ ಇಕೋವೇಟಿವ್ ಅನ್ನೋ ಕಂಪನಿ ಇದನ್ನ ಥರ್ಮಾಕೋಲಿನ ಬದಲಿ ಪ್ಯಾಕಿಂಗ್ ಅಂತ ಮಾಡಿ ಮಾರೈತಿ. ಇದು ಬೋರ್ಡಿನಂಗ ಭಾರ ಹೊರಂಗಿಲ್ಲ, ಹಗೂರ ಇರತೈತಿ. ನಮ್ಮ ಕಡೆ ತೊಂದ್ರಿ ಅಂದ್ರ ಸೆಕಿ, 30 ಡಿಗ್ರಿ ದಾಟಿದ್ರ ಈ ಅಣಬಿಗೆ ತ್ರಾಸ, ಹಂಗಾಗಿ ಮಳಿಗಾಲ ಚಳಿಗಾಲದಾಗ ಶುರು ಮಾಡ್ರಿ. ಅಣಬಿ ಬೀಜದ ವಿಚಾರ ಧಾರವಾಡ ಕೃಷಿ ಯುನಿವರ್ಸಿಟ್ಯಾಗ ಕೇಳ್ರಿ, ಕಬ್ಬಿನ ಸಿಪ್ಪಿ ಬಗ್ಗೆ ಬೆಳಗಾವ್ಯಾಗನ ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಐತಿ, ಕಟಗಿ ವಿಜ್ಞಾನಕ್ಕ ಬೆಂಗಳೂರ ಮಲ್ಲೇಶ್ವರದ ಐಡಬ್ಲ್ಯೂಎಸ್‌ಟಿ ಅನ್ನೋ ಕಟಗಿ ಸಂಶೋಧನಾ ಸಂಸ್ಥೆ.

ಪ್ಲೈವುಡ್ಡೇ ಬೇಕು, ಫಾರ್ಮಾಲ್ಡಿಹೈಡ್ ಬ್ಯಾಡ ಅಂದ್ರ ಸೋಯಾ ಅಂಟಿನ ಕಡೆ ನೋಡ್ಬೇಕು. ಕೈಚಾಂಗ್ ಲೀ ಅನ್ನೋ ಪ್ರೊಫೆಸರ್ ಸಮುದ್ರದ ಕಲ್ಲಿಗೆ ಅಂಟಕೊಂಡ ಕುಂಡರೋ ಮಸೆಲ್ ಅನ್ನೋ ಚಿಪ್ಪಿನ ಜೀವಿಯ ಪ್ರೋಟೀನ್ ನೋಡಿ ಸೋಯಾ ಹಿಟ್ಟಿನ ಅಂಟು ಕಂಡಹಿಡದ್ರು, 2005ರಿಂದ ಅಮೆರಿಕಾದ ಒಂದು ದೊಡ್ಡ ಪ್ಲೈವುಡ್ ಕಂಪನಿ ಅದರಾಗನ ಮಾಲು ತಗೀತೈತಿ. ನಮ್ಮ ಬೈಲಹೊಂಗಲ ಕಡೆ ಮುಂಗಾರಿಗೆ ಸೋಯಾ ಎಷ್ಟು ಬೆಳೀತಾರ ನೋಡ್ರಿ, ಎಣ್ಣಿ ತಗದ ಹಿಂಡಿ ದನಾ ಕೋಳಿಗೆ ಹೋಗತೈತಿ. ಈ ಭಾಗದಾಗ ಯಾರರ ಇದರ ಮ್ಯಾಲ ಕೆಲಸಾ ಮಾಡ್ಬೇಕು ಅಂತ ನನಗ ಭಾಳ ದಿನದಿಂದ ಐತಿ.

ಇನ್ನ ನಾಳಿಯಿಂದ ನಿಮ್ಮ ಶೆಡ್ಡಿನ್ಯಾಗ ಏನು ಮಾಡ್ಬೇಕು. ಬೋರ್ಡ್ ತರೂವಾಗ ಇ1 ಇಲ್ಲಾ ಇ0 ಅಂತ (ಫಾರ್ಮಾಲ್ಡಿಹೈಡ್ ಕಮ್ಮಿ ಬಿಡೋ ಗ್ರೇಡ್) ಕೇಳಿ ತಗೋರಿ, ಶೀಟ್ ಮ್ಯಾಲಿನ ಮಾರ್ಕ್ ನೋಡ್ರಿ, ಬಿಲ್ಲಿನ್ಯಾಗೂ ಬರಸ್ರಿ, ಬರೇ ಬಾಯಿ ಮಾತು ಬ್ಯಾಡ. ಹೊಸಾ ಮಾಲು ಬಂದ ಕೂಡ್ಲೆ ಒತ್ತಟ್ಟಿಗೆ ಒಟ್ಟಬ್ಯಾಡ್ರಿ, ನಡುವ ಪಟ್ಟಿ ಇಟ್ಟು ಗಾಳಿ ಆಡಸ್ರಿ. ಕೊಯ್ದ ಅಂಚಿನಿಂದನ ಹೆಚ್ಚು ಗಾಳಿ ಬಿಡೋದು, ಅದಕ್ಕ ಎಜ್ ಬ್ಯಾಂಡ್ ಒಂದು ಕಡೆ ಅಲ್ಲ, ಒಳಗಿನ ಕಾಣದ ಅಂಚಿಗೂ ಹಚ್ಚರಿ, ಗಿರಾಕಿ ರೊಕ್ಕ ಕೊಡಂಗಿಲ್ಲ ಅಂತ ಬಿಡಬ್ಯಾಡ್ರಿ, ಅದು ಅವರ ಮಕ್ಕಳು ಮಲಗೋ ರೂಮಿನ ವಾರ್ಡ್‌ರೋಬು. ಕಟ್ಟರಿಗೆ ಧೂಳು ಎಳ್ಯೋ ಪೈಪ್ ಕೂಡ್ರಿಸ್ರಿ. ಟಾವೆಲ್ ಸುತ್ತಕೊಂಡ್ರ ಧೂಳು ಸ್ವಲ್ಪ ತಡೀತೈತಿ, ಗಾಳಿ ತಡ್ಯಾಂಗಿಲ್ಲ, ಫಾರ್ಮಾಲ್ಡಿಹೈಡ್‌ಗೆ ಅಂತಾನ ಬರದಿರೋ ಕಾರ್ಟ್ರಿಜ್ ಮಾಸ್ಕ ತರಸ್ರಿ. ತಗಡಿನ ಕೆಳಗ ಕಣಕಿನೋ ರವದಿನೋ ಹಾಸಿ ಸೆಕಿ ಇಳಸಬಹುದು ಅಂತ ಮನಸ್ಸಿಗೆ ಬರತೈತಿ, ಆದ್ರ ಬಡಿಗ್ಯಾರ ಶೆಡ್ಡಿನ್ಯಾಗ ಬೆಂಕಿ ಭಯ, ಅದು ಬ್ಯಾಡ, ಮ್ಯಾಲ ಸುಣ್ಣಾ ಹೊಡೀರಿ. ಕಣ್ಣು ಮೂಗು ಇಷ್ಟಾದ್ರೂ ಸುಧಾರಿಸಲಿಲ್ಲ ಅಂದ್ರ ಡಾಕ್ಟರಿಗೆ ತೋರಿಸಿ, ಏನು ಕೆಲಸಾ ಮಾಡ್ತೀರಿ ಅನ್ನೋದನ್ನ ಬಿಚ್ಚಿ ಹೇಳ್ರಿ.

ಕ್ಯಾನಿಗೆ ರೊಕ್ಕ ಇನ್ನೂ ಕೊಟ್ಟಿಲ್ಲಂದ್ರ ಕೊಡಬ್ಯಾಡ್ರಿ, ಮುಚ್ಚಳ ತಗದಿದ್ರ ಒಂದು ಬಾಟಲಿ ಬಗ್ಗಿಸಿ ಫ್ರಿಜ್ಜಿನ್ಯಾಗ ಇಡ್ರಿ, ಅಡಗಿ ಸಾಮಾನಿನ ಬಾಜೂ ಬ್ಯಾಡ. ಮಗಾ ಆ ಎರಡು ಟ್ಯೂಬಿನ ಪರೀಕ್ಷಾ ಮಾಡಿ ಹದಿನೈದು ನಿಮಿಷಕ್ಕೊಮ್ಮೆ ಫೋಟೋ ತಗದು ಕಳಸಲಿ, ಯಾವುದು ಕುದಿಸಿದ್ದು ಅಂತ ಟ್ಯೂಬಿನ ಮ್ಯಾಲ ಬರದಿರಲಿ, ಕಳೆದ ಸಲ ಒಬ್ಬ ಹುಡುಗ ಅದನ್ನ ಮರತು ಇಬ್ರೂ ತಲಿ ಕೆರಕೊಂಡ ಕುಂತಿದ್ವಿ.